ಅತ್ತೆಯವರ ಪರವಾಗಿ ನಾನು ಆಡಿದ ಮಾತು

ರಾಣೇಬೆನ್ನೂರಿನಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮರುವರ್ಷವೇ ನನ್ನನ್ನು ಹಾವೇರಿಯ ಹತ್ತಿರದ ಒಂದು ಹಳ್ಳಿಗೆ ಮದುವೆ ಮಾಡಿಕೊಟ್ಟರು. ಮನೆಯಲ್ಲಿ ಅತ್ತೆಯವರು, ನನ್ನ ಗಂಡ, ನಾನು, ಮೂವರೇ. ಮಾವನವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಎಲೆಬಳ್ಳಿಯ ತೋಟ ಅತ್ತೆಯವರ ಹೆಸರಿನಲ್ಲಿತ್ತು. ಅದಕ್ಕೆ ನೀರು ಬರುವುದು ಬದುವಿನ ಮೇಲಿದ್ದ ಬಾವಿಯಿಂದ. ಆ ಬಾವಿಯಲ್ಲಿ ನಮಗೂ ಪಕ್ಕದ ತೋಟದವರಿಗೂ ಸಮಪಾಲು.

ಎರಡನೆಯ ಮಹಾಯುದ್ಧದ ಕಾಲದ ಒಂದು ಬೇಸಗೆಯಲ್ಲಿ ಪಕ್ಕದ ತೋಟದ ಹಿರಿಯರು ತಮ್ಮ ಪಾಲಿನ ಒಂದು ಕಪಿಲೆಯ ಜೊತೆಗೆ ಇನ್ನೊಂದನ್ನೂ ಹೂಡಿದರು. ನಸುಕಿನಲ್ಲೇ ನಾಲ್ಕು ಎತ್ತು ಕಟ್ಟಿ ನೀರೆತ್ತುತ್ತಿದ್ದರು. ನಮ್ಮ ಎತ್ತು ಹೋಗುವ ಹೊತ್ತಿಗೆ ಬಾವಿಯ ತಳ ಕಾಣುತ್ತಿತ್ತು. ಅತ್ತೆಯವರು ಎರಡು ಸಲ ಹೇಳಿ ಕಳಿಸಿದರು. ಕೇಳದಿದ್ದಾಗ ಹಾವೇರಿಯ ಮಾಮಲೇದಾರರಿಗೆ ಅರ್ಜಿ ಕೊಟ್ಟರು. ಆದರೆ ಮೊಣಕಾಲು ನೋವು. ಕರೆದಾಗಲೆಲ್ಲ ಕಚೇರಿಗೆ ಹೋಗಿ ಕೂಡುವುದು ಅವರಿಂದ ಆಗುತ್ತಿರಲಿಲ್ಲ. ತಮ್ಮ ಪರವಾಗಿ ಮಾತಾಡಲು ಒಬ್ಬರಿಗೆ ಮುಖತ್ಯಾರಪತ್ರ ಬರೆದುಕೊಡುವುದೆಂದು ನಿಶ್ಚಯಿಸಿ ಒಂದು ದಿನ ಮೂವರೂ ಗಾಡಿ ಕಟ್ಟಿಕೊಂಡು ಹೊರಟೆವು. ಗಂಡನ ಹೆಸರಿಗೇ ಪತ್ರ ಎಂದು ನಾನು ತಿಳಿದಿದ್ದೆ.

ಕಚೇರಿಯ ಬೇವಿನ ಗಿಡದ ಕೆಳಗೆ ಪತ್ರ ಬರೆಯುವವರೊಬ್ಬರು ಕೂತಿದ್ದರು. ಅತ್ತೆಯವರು ನನ್ನ ಕಡೆ ಕೈ ತೋರಿಸಿ, “ಇಕಿ ನನ್ನ ಸೊಸಿ. ಇಕಿ ಹೆಸರಲೇ ಬರೀರಿ” ಅಂದರು.

ಪತ್ರ ಬರೆಯುವವರು ಲೆಕ್ಕಣಿಕೆ ಕೆಳಗಿಟ್ಟರು. “ಹೆಣ್ಣಮಕ್ಕಳ ಹೆಸರಲೇ ನಾ ಇಲ್ಲೀತನಕ ಬರದಿಲ್ಲವ್ವಾ. ಮಗ ಅದಾನಲ್ಲ?”

“ನನ್ನ ಮಗ ಭಾಳ ಚಲೋ ಮನಶ್ಯಾ ಅದಾನ್ರಿ. ಯಾರ ಏನಂದ್ರೂ ‘ಹೌದ್ರಿ’ ಅಂತಾನ. ಪೂರಾ ಬಾವಿ ನಮ್ಮದ ಅಂತ ಅವರಂದ್ರ, ಅದಕ್ಕೂ ‘ಹೌದ್ರಿ’ ಅಂದ ಮನಿಗೆ ಬರ್ತಾನ.”

ಪತ್ರ ಬರೆಯುವವರು ನನ್ನ ಗಂಡನ ಮುಖ ನೋಡಿದರು. ಗಂಡ ಸ್ವಲ್ಪವೂ ಬೇಸರ ಮಾಡಿಕೊಳ್ಳದೆ, “ಹೌದ್ರಿ” ಅಂದರು.

ಪತ್ರವಾಯಿತು. ‘ನನ್ನ ಮುಖತ್ಯಾರಳು ಆಡುವ ಮಾತು, ಮಾಡುವ ಸಹಿ, ಎಲ್ಲವೂ ನಾನೇ ಆಡಿದಂತೆ, ನಾನೇ ಮಾಡಿದಂತೆ’ ಎಂದು ಅದರಲ್ಲಿತ್ತು. ನಾನು ಓದಿ ಹೇಳಿದೆ. ಅತ್ತೆಯವರು ತಲೆಯಾಡಿಸಿ ಹೆಬ್ಬಟ್ಟು ಒತ್ತಿದರು.

ವಿಚಾರಣೆಯ ದಿನ ಹೊರಡುವಾಗ ಒಂದೇ ಮಾತು ಹೇಳಿದರು: “ಮುಂಜಾನಿ ನೀರು ದಿನಾ ನಮಗ ಬೇಕು. ಇದರಾಗ ಒಂದ ಕೂದಲೆಳಿಯಷ್ಟೂ ಬಿಡಬ್ಯಾಡ.”

ಕಚೇರಿಯಲ್ಲಿ ಪತ್ರವನ್ನು ಮೇಜಿನ ಮೇಲಿಟ್ಟು ನಿಂತೆ. ಮಾಮಲೇದಾರರು ಪತ್ರವನ್ನು ಎರಡು ಸಲ ಓದಿ, ತಲೆಯೆತ್ತಿ, “ಮುಖತ್ಯಾರರು ಯಾರು?” ಎಂದು ಕೇಳಿದರು.

“ನಾನರಿ.”

ಹಿಂದೆ ಯಾರೋ ನಕ್ಕರು. ಮಾಮಲೇದಾರರು ನಗಲಿಲ್ಲ. ಮೊದಲು ಪಕ್ಕದ ತೋಟದ ಹಿರಿಯರನ್ನು ಮಾತಾಡಿಸಿದರು. ಆ ಮುದುಕರು ರುಮಾಲು ಕೈಯಲ್ಲಿ ಹಿಡಿದುಕೊಂಡು, “ನಮ್ಮದು ಹೊಸಾ ತ್ವಾಟರಿ. ಎಳಿ ಬಳ್ಳಿ. ಮುಂಜಾನಿ ನೀರು ಕಾಣಲಿಲ್ಲಂದ್ರ ಮಧ್ಯಾಹ್ನದ ಬಿಸಲಿಗೆ ಸುಟ್ಟಹೋಗ್ತಾವು. ಅದಕ್ಕ ಎರಡನೇ ಕಪಿಲಿ ಹೂಡೇನಿ. ತಪ್ಪ ನಂದು, ಇಲ್ಲ ಅನ್ನೂದಿಲ್ಲ” ಅಂದರು.

ಅದು ಸುಳ್ಳಲ್ಲ. ಬುತ್ತಿ ಒಯ್ಯುವಾಗ ಆ ಬಳ್ಳಿಗಳನ್ನು ನಾನು ದಿನಾ ನೋಡುತ್ತಿದ್ದೆ; ಎರಡನೇ ಕಪಿಲೆ ಹೂಡುವ ಮೊದಲು ತುದಿಯೆಲ್ಲ ಕಂದಿ ಜೋತುಬಿದ್ದಿದ್ದವು. ನಮ್ಮವು ಹಳೆಯ ಬಳ್ಳಿಗಳು, ಮೇಲೆ ಒಳ್ಳೆಯ ನೆರಳು. ದಿನ ಬಿಟ್ಟು ದಿನ ಸಂಜೆ ನೀರು ಬಿಟ್ಟರೂ ತಾಳುತ್ತಿದ್ದವು.

“ನಿಮ್ಮ ಅತ್ತಿಯವರು ಏನಂತಾರ?” ಎಂದು ಮಾಮಲೇದಾರರು ಕೇಳಿದರು.

ಅತ್ತೆಯವರು ಹೇಳಿದ್ದು ನಾಲಿಗೆಯ ತುದಿಯಲ್ಲಿತ್ತು. ಬಾಯಿಂದ ಬಂದದ್ದೇ ಬೇರೆ. “ಒಂದಿನ ಮುಂಜಾನಿ ಅವರದು, ಒಂದಿನ ಮುಂಜಾನಿ ನಮ್ಮದು ಆಗಲಿ ಅಂತಾರ್ರಿ. ಎರಡನೇ ಕಪಿಲಿ ತಗೀಬೇಕು. ಬಾವಿ ಹೂಳು ಇಬ್ಬರೂ ಕೂಡಿ ತಗಿಸಬೇಕು.”

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಕೆಮ್ಮಿದರು. ಮಾಮಲೇದಾರರಿಗೆ ಏನೋ ಅನುಮಾನ ಬಂತು. “ಇದು ನಿಮ್ಮ ಅತ್ತಿ ಮಾತೋ, ನಿಮ್ಮ ಮಾತೋ?”

“ನಾ ಆಡಿದ್ದ ಅವರ ಮಾತು ಅಂತ ಪತ್ರದಾಗ ಬರದೈತ್ರಿ.”

ಈ ಸಲ ಅವರೂ ನಕ್ಕರು. ಮುದುಕರು ಒಪ್ಪಿದರು. ರಾಜಿಯ ಕಾಗದಕ್ಕೆ ಅತ್ತೆಯವರ ಪರವಾಗಿ ನಾನು ಸಹಿ ಮಾಡಿದೆ.

ಗಾಡಿ ಊರ ದಾರಿ ಹಿಡಿದ ಮೇಲೆ ನನಗೆ ಭಯ ಶುರುವಾಯಿತು. “ಅವ್ವಗ ನೀವ ಹೇಳ್ರಿ” ಅಂದೆ.

“ನಾ ಒಲ್ಲೆ. ಮುಖತ್ಯಾರರು ನೀವು” ಅಂದರು ಗಂಡ, ಬಹುವಚನ ಹಚ್ಚಿ. ಊರು ಬರುವತನಕ ಅವರ ನಗು ನಿಲ್ಲಲಿಲ್ಲ.

ಅತ್ತೆಯವರು ಜೋಳ ಹಸನು ಮಾಡುತ್ತ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಮೊರ ಕೆಳಗಿಟ್ಟು, “ಕಾಗದಾ ಓದು” ಅಂದರು. ಓದಿದೆ.

“ಹೆಬ್ಬಟ್ಟ ಒತ್ತಿದಾಕಿ ನಾನ. ಅಂದಮ್ಯಾಲೆ ಇದನ್ನ ಹೇಳಿದಾಕಿನೂ ನಾನ” ಅಂದರು. “ಇಷ್ಟ ಶಾಣ್ಯಾಕಿ ಯಾವಾಗ ಆದ್ನೋ, ನನಗ ಗೊತ್ತಿಲ್ಲ.” ಮತ್ತೆ ಮೊರ ಎತ್ತಿಕೊಂಡರು. ಎರಡು ದಿನ ನನ್ನೊಡನೆ ಅವರ ಮಾತು ಕಡಿಮೆಯಿತ್ತು. ಮೂರನೆಯ ದಿನ ಪಕ್ಕದ ತೋಟದ ಹಿರಿಯರ ಹೆಂಡತಿ ಬಂದಾಗ ಅತ್ತೆಯವರು ಹೇಳುವುದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ: “ಎಳಿ ಬಳ್ಳಿ ಒಣಗೂದು ನನಗ ನೋಡಲಿಕ್ಕ ಆಗಲಿಲ್ಲವಾ. ಬಿಟ್ಟಕೊಟ್ಟೆ.”

ಅಲ್ಲಿಂದ ಮುಂದೆ ಪತ್ರ ಬೇಕಿಲ್ಲದ ಕಡೆಗೂ ನನ್ನನ್ನೇ ಕಳಿಸತೊಡಗಿದರು. ಬ್ಯಾಡಗಿಯ ಬೀಗರ ಮನೆಯಲ್ಲಿ ಮದುವೆ. ಯಾವುದೋ ಹಳೆಯ ಸಿಟ್ಟು ಇಟ್ಟುಕೊಂಡಿದ್ದ ಅತ್ತೆಯವರು, “ನಾ ಬರೂದಿಲ್ಲ ಅಂತ ಮಾರಿ ಮ್ಯಾಲೆ ಹೇಳಿ ಬಾ” ಎಂದು ಅಟ್ಟಿದರು. ಅಲ್ಲಿ ಅವರೆಲ್ಲ ನನ್ನನ್ನು ನಡುಮನೆಯಲ್ಲಿ ಕೂಡಿಸಿ, ಮಾದಲಿ ಬಡಿಸಿ, ಹಳೆಯ ತಪ್ಪು ಒಪ್ಪಿಕೊಂಡರು. ನಾನು ಅತ್ತೆಯವರು ಖಂಡಿತ ಬರುತ್ತಾರೆಂದು ಮಾತು ಕೊಟ್ಟು ಬಂದೆ. ಮದುವೆಯ ದಿನ ಅವರು ಗಾಡಿಯಲ್ಲಿ ಕಾಲು ಚಾಚಿ ಕೂತು, ಬ್ಯಾಡಗಿ ಮುಟ್ಟುವತನಕ ನನ್ನನ್ನು ಬೈದರು. ಊಟಕ್ಕೆ ಕೂತಾಗ ನಾಲ್ಕು ಹೋಳಿಗೆ ತಿಂದು, ಐದನೆಯದಕ್ಕೆ ತುಪ್ಪ ಕೇಳಿದರು.