ಬೆನ್ನಿನ ಮಣ್ಣು

ಮದುವೆ ಮಾತುಕತೆಗೆ ಬಂದಾಗ ನಮ್ಮವ್ವ ಕೇಳಿದ್ದು ಒಂದೇ ಪ್ರಶ್ನೆ. "ಗಂಡು ಏನ್ ಕೆಲ್ಸ ಮಾಡ್ತದೆ?"

"ಕುಸ್ತಿ," ಎಂದರು ಗಂಡಿನ ಸೋದರಮಾವ.

"ಅದ್ ಸರಿ ಕಣಣ್ಣ, ಕೆಲ್ಸ ಏನು?"

ಸೋದರಮಾವ ಕಾಫಿ ಲೋಟ ಕೆಳಗಿಟ್ಟು ಮೈಸೂರು, ದಾವಣಗೆರೆ, ಬೆಳಗಾವಿ ಎಂದು ಊರುಗಳ ಹೆಸರು ಹೇಳುತ್ತಾ ಹೋದರು. ಅಷ್ಟೂ ಊರುಗಳಲ್ಲಿ ಈ ಗಂಡು ಜನರನ್ನು ಎತ್ತಿ ಕೆಡವಿ ಬಂದಿದೆ ಎಂದು ತಿಳಿದಾಗ ನಮ್ಮವ್ವನ ಮುಖ ಸಣ್ಣಗಾಯಿತು. ನನಗೆ ಮಾತ್ರ ಒಳಗೊಳಗೇ ಖುಷಿ. ಪಿರಿಯಾಪಟ್ಟಣದ ಕಡೆಯ ನಮ್ಮೂರಿಗೆ ಅದುವರೆಗೆ ನನ್ನನ್ನು ನೋಡಲು ಬಂದ ಗಂಡುಗಳೆಲ್ಲ ಹೊಗೆಸೊಪ್ಪಿನ ಕಡ್ಡಿಯ ಹಾಗಿದ್ದವು. ಇವರು ನಮ್ಮ ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬಂದರು.

ಹಾಗೆ ನಾನು ಕುಶಾಲನಗರದ ಹತ್ತಿರದ ಈ ಊರಿಗೆ ಸೇರಿದೆ. ನಮ್ಮ ಯಜಮಾನರ ತಾತ ಮೈಸೂರು ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಬರುವಾಗ ಬಿತ್ತನೆ ರಾಗಿಯ ಜೊತೆ ಗರಡಿಯನ್ನೂ ತಂದರಂತೆ. ರಾಗಿ ಬೆಳೆಯಿತು. ಕುಸ್ತಿ ನಮ್ಮ ಮನೆಯಿಂದಾಚೆ ಬೇರು ಬಿಡಲೇ ಇಲ್ಲ. ಕೊಡಗಿನಲ್ಲಿ ಆಟ ಅಂದರೆ ಹಾಕಿ. ಒಮ್ಮೆ ನಾಪೋಕ್ಲು ಕಡೆಯ ತೋಟದ ಸಾಹುಕಾರರೊಬ್ಬರು ಇವರ ತೋಳು ಮುಟ್ಟಿ ನೋಡಿ, "ಆಟಗಾರರಾ? ಯಾವ ಪೊಸಿಷನ್ನು?" ಎಂದು ಕೇಳಿದ್ದರು.

"ಮೇಲಿದ್ರೆ ಗೆದ್ದಂಗೆ ಸಾರ್, ಕೆಳಗಿದ್ರೆ ಸೋತಂಗೆ," ಎಂದರು ಇವರು. ಸಾಹುಕಾರರು ಬಹಳ ಹೊತ್ತು ಯೋಚಿಸಿ, "ಓ, ಬ್ಯಾಕು," ಎಂದರು.

ದಸರೆಯಿಂದ ಯುಗಾದಿವರೆಗೆ ಇವರು ಕುಸ್ತಿಗೆಂದು ಊರೂರು ಸುತ್ತುವುದು, ಉಳಿದ ದಿನ ಕಾಫಿ ಮೂಟೆ ಹೊರುವುದು. ಊರಿನವರಿಗೆ ಇವರ ಕುಸ್ತಿ ಬೇಡ, ರಟ್ಟೆ ಬೇಕು. ಚರಂಡಿಗೆ ಇಳಿದ ಜೀಪು, ಇಂಜೆಕ್ಷನ್ನಿಗೆ ನಿಲ್ಲದ ಹಸು, ತಿರುಗದ ನಲ್ಲಿ, ಎಲ್ಲದಕ್ಕೂ ಪೈಲ್ವಾನರೇ ಆಗಬೇಕು. ಬೇಡ ಅನ್ನುವ ಬಾಯಿ ಇವರಿಗಿಲ್ಲ. ಗೆದ್ದಾಗ ಬರುತ್ತಿದ್ದ ಬಹುಮಾನಗಳನ್ನಂತೂ ಕೇಳಬೇಡಿ. ಬೆಳ್ಳಿ ತಗಡಿನ ಗದೆಯನ್ನು ಗಾಳಿಗೆ ಬಡಿದುಕೊಳ್ಳುವ ಹಿತ್ತಲ ಬಾಗಿಲಿಗೆ ಒತ್ತು ಕೊಟ್ಟಿದ್ದೆ. ಒಂದು ಸಲ ಟಗರು ಗೆದ್ದು ಅದನ್ನು ಬಸ್ಸಿನಲ್ಲೇ ಕೂರಿಸಿಕೊಂಡು ತಂದರು. ಆ ಟಗರು ಮೂರು ವರ್ಷ ನಮ್ಮ ಮನೆಯಲ್ಲಿತ್ತು. ಅಷ್ಟರಲ್ಲಿ ಅದು ಯಾರಿಗೂ ಸೋಲಲಿಲ್ಲ, ಇವರಿಗೂ.

ಇಷ್ಟೆಲ್ಲ ಇದ್ದೂ ನಾನು ಇವರ ಕುಸ್ತಿಯನ್ನು ಕಣ್ಣಾರೆ ನೋಡಿದವಳಲ್ಲ. ಗರಡಿಯ ಕಟ್ಟಳೆ ಹಾಗೆ. ಅಖಾಡದ ಹತ್ತಿರ ಹೆಂಗಸರು ಸುಳಿಯಬಾರದು. ಮೊದಲ ವರ್ಷ ನಾನು ಕೇಳಿದ್ದೆ.

"ಅಲ್ಲಿ ಆಂಜನೇಯ ಅವ್ನೆ. ಹೆಂಗಸ್ರು ಬರೋ ಜಾಗ ಅಲ್ಲ," ಎಂದರು.

"ನಮ್ಮನೇಲೂ ಆಂಜನೇಯನ ಫೋಟೊ ಐತೆ. ದಿನಾ ದೀಪ ಹಚ್ಚೋಳು ನಾನೇ."

"ಅದು ಫೋಟೊ," ಎಂದು ಎದ್ದು ಹೋದರು.

ಈಚೆಗೆ ಯಾರಾದರೂ ಫೋನಿಗೆ ವಿಡಿಯೋ ಕಳಿಸುತ್ತಾರೆ. ಅದರಲ್ಲಿ ಕಾಣುವುದು ಮುಂದೆ ಕೂತವರ ತಲೆ ಮತ್ತು ಒಂದು ಕೊಡೆ.

ಆದರೂ ಸೋಲು ಗೆಲುವು ನನಗೆ ತಿಳಿಯುತ್ತಿತ್ತು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದವನು ಸೋತ. ಅಖಾಡದ ಮಣ್ಣು ಸಾಮಾನ್ಯದ್ದಲ್ಲ, ಕೆಮ್ಮಣ್ಣಿಗೆ ಅರಿಸಿನ, ಎಣ್ಣೆ, ಮಜ್ಜಿಗೆ, ಕರ್ಪೂರ ಎಲ್ಲ ಹಾಕಿ ಹದ ಮಾಡಿರುತ್ತಾರೆ. ಮೈಗೆ ಹತ್ತಿದರೆ ಬಿಡದು. ಗೆದ್ದು ಬಂದ ದಿನ ಇವರು ಎದೆ, ಮಂಡಿ, ಕಿವಿಯೊಳಗೆಲ್ಲ ಮಣ್ಣು ತುಂಬಿಕೊಂಡು ಬಂದು ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ರಾಜನ ಹಾಗೆ ಕೂರುತ್ತಿದ್ದರು. ನಾನು ಬಿಸಿನೀರು ಹೊಯ್ದು ಉಜ್ಜಬೇಕು. ಸೋತ ದಿನ ದಾರಿಯಲ್ಲೇ ಹೊಳೆಯಲ್ಲಿ ಮಿಂದು, ತಲೆ ಬಾಚಿಕೊಂಡು, ಮದುವೆಗೆ ಹೊರಟವರ ಹಾಗೆ ಬರುತ್ತಿದ್ದರು. "ಏನಾಯ್ತು?" ಅಂದರೆ, "ಸಮ ಆಯ್ತು" ಅನ್ನುತ್ತಿದ್ದರು. ನಾನು "ಹೌದಾ" ಎಂದು ಮುದ್ದೆಗೆ ಎಸರಿಡುತ್ತಿದ್ದೆ. ಆ ದಿನ ಕೇಳದಿದ್ದರೂ ಒಂದು ಚಮಚ ತುಪ್ಪ ಜಾಸ್ತಿ. ಇಪ್ಪತ್ತೆರಡು ವರ್ಷ ನಾವಿಬ್ಬರೂ ಈ ನಾಟಕ ಆಡಿದೆವು. ನನಗೆ ಗೊತ್ತು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಇನ್ನೊಂದು ನನಗೆ ಗೊತ್ತಿತ್ತು. ಇವರು ದಿನಾ ಬೆಳಿಗ್ಗೆ ನಮ್ಮ ಕಾಫಿ ಕಣದಲ್ಲಿ ಸಾಮು ಮಾಡುವಾಗ ನಾನು ಅಲ್ಲೇ ಬೀಜ ಹರವುತ್ತಾ ನೋಡುತ್ತಿದ್ದೆ. ದಣಿದರೆ ಇವರ ಎಡಗಾಲು ತಾನಾಗಿ ಮುಂದಕ್ಕೆ ಬರುತ್ತದೆ. ಮೂಟೆ ಹೊತ್ತಾಗಲೂ ಹಾಗೇ, ಗ್ಯಾಸ್ ಸಿಲಿಂಡರ್ ಎತ್ತುವಾಗಲೂ ಹಾಗೇ. ಆ ಕಾಲನ್ನು ಯಾರಾದರೂ ಹಿಡಿದರೆ ಇವರ ಕಥೆ ಮುಗಿಯಿತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹೇಳಲು ನಾನು ಯಾರು, ಅಖಾಡವನ್ನೇ ಕಾಣದವಳು.

ಹೋದ ವರ್ಷ, ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದ ಮೇಲೆ, ಸಿದ್ದಾಪುರದಲ್ಲಿ ಕುಸ್ತಿ ಇಟ್ಟರು. ಇವರಿಗೆ ನಲವತ್ತೇಳು. ಮಂಡಿ ಕಿರುಗುಟ್ಟಲು ಶುರುವಾಗಿತ್ತು.

"ಇದೇ ಕೊನೇದು. ಆಮೇಲೆ ಲಂಗೋಟಿ ಬಿಚ್ಚಿ ಆಂಜನೇಯನ ಮುಂದೆ ಇಟ್ಬುಡ್ತೀನಿ," ಎಂದರು.

ನನಗೆ ದಿಗಿಲಾಯಿತು. ಇವರು ಬಿಡುತ್ತಾರೆ ಎಂದಲ್ಲ. ಇದು ತಪ್ಪಿದರೆ ನಾನು ಇವರ ಕುಸ್ತಿ ನೋಡದೆಯೇ ಸಾಯುತ್ತೇನೆ ಎಂದು.

"ಈ ಸಲ ನಾನೂ ಬತ್ತೀನಿ. ಈಗ ಹೆಣ್ಮಕ್ಳೇ ಕುಸ್ತಿ ಆಡ್ತಾವ್ರೆ."

"ಅವ್ರು ಆಡಕ್ಕೆ ಬತ್ತಾರೆ. ನೀನು ನೋಡಕ್ಕೆ ಬರೋದು. ನೀನು ಬಂದ್ರೆ ನಾನು ಸೋಲ್ತೀನಿ, ತಿಳ್ಕೊ."

ಕೋಪ ನೆತ್ತಿಗೇರಿತು. ಇಪ್ಪತ್ತೆರಡು ವರ್ಷ ಬಾದಾಮಿ ಅರೆದವಳು ನಾನು, ಲಂಗೋಟಿ ಒಗೆದವಳು ನಾನು, ಸೋಲಿಗೂ ನಾನೇ ಕಾರಣ! ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿರುವ ನನ್ನ ತಮಿಳು ಗೆಳತಿಗೆ ಹೇಳಿಕೊಂಡು ಅತ್ತೆ.

"ಅಕ್ಕಾ, ಅಳಬೇಡ. ಸುಮ್ನೆ ವಾ, ಹೋಗೋಣ. ಹಾಜ್ರಿ ಬರೆಯೋ ರೈಟ್ರು ಲೀವ್ ಕೊಟ್ಟಿದಾರೆ," ಎಂದಳು ಅವಳು.

ಇವರು ಬೆಳಗಿನ ಬಸ್ಸಿಗೆ ಹೋದರು. ನಾವು ಊಟದ ಹೊತ್ತಿನ ಬಸ್ಸು ಹತ್ತಿದೆವು.

ಮೈದಾನದಲ್ಲಿ ಮಣ್ಣಿನ ಅಖಾಡ ಕಟ್ಟಿದ್ದರು. ಹೆಂಗಸರು ಬೇಕಾದಷ್ಟು ಜನ ಇದ್ದರು, ಒಬ್ಬಳು ಕಡಲೆಕಾಯಿಯನ್ನೂ ಮಾರುತ್ತಿದ್ದಳು. ಆಂಜನೇಯ ಯಾರಿಗೂ ಏನೂ ಅಂದಂತೆ ಕಾಣಲಿಲ್ಲ. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡು ಅಖಾಡದ ಅಂಚಿನಲ್ಲೇ ನಿಂತೆ. ಇವರು ಒಳಗೆ ಬಂದು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡರು. ಎದುರಿನ ಜೋಡಿ ಮಂಡ್ಯ ಕಡೆಯ ಹುಡುಗ, ಇವರ ಅರ್ಧ ವಯಸ್ಸು, ಕೆಂಡದಂಥವನು.

ಹೇಗೆ ಹೇಳಲಿ? ನಮ್ಮ ಮನೆಯಲ್ಲಿ ಸೊಂಟ ಹಿಡಿದುಕೊಂಡು ಏಳುವ ಮನುಷ್ಯ ಅಲ್ಲಿ ಬೇರೆಯೇ ಆಗಿದ್ದರು. ಆ ಹುಡುಗ ಮೇಲೆ ಬಿದ್ದರೆ ಇವರು ನೀರಿನಂತೆ ಜಾರುತ್ತಿದ್ದರು. ಒಮ್ಮೆ ಅವನನ್ನು ಎತ್ತಿಯೇಬಿಟ್ಟರು. ಪಕ್ಕದಲ್ಲಿ ಗೆಳತಿ ಇವರ ಹೆಸರು ಹಿಡಿದು ಕೂಗುತ್ತಿದ್ದಳು. ಇಡೀ ಮೈದಾನವೇ ಇವರ ಹೆಸರು ಕೂಗುತ್ತಿತ್ತು. ನನ್ನ ಬಾಯಿ ಮಾತ್ರ ಕಟ್ಟಿತ್ತು. ಗಂಡನ ಹೆಸರನ್ನು ನಾನು ಇವತ್ತಿಗೂ ಬಾಯಿಬಿಟ್ಟು ಹೇಳುವವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಕಾರ್ಡನ್ನೇ ಮುಂದೆ ಹಿಡಿಯುತ್ತೇನೆ. ಕಣ್ಣಲ್ಲಿ ನೀರು ಬಂತು. ಇದನ್ನು ನನ್ನಿಂದ ಮುಚ್ಚಿಟ್ಟರಲ್ಲ ಎಂದು ಹೊಟ್ಟೆ ಉರಿಯಿತು.

ಹತ್ತು ನಿಮಿಷ ಕಳೆಯಿತು. ಇವರಿಗೆ ಏದುಸಿರು ಹತ್ತಿತು. ಎಡಗಾಲು ಮುಂದಕ್ಕೆ ಬಂತು. ಆ ಹುಡುಗನ ಕಣ್ಣು ಅದರ ಮೇಲೆ ಬಿದ್ದದ್ದನ್ನು ನಾನು ಕಂಡೆ. ತಡೆಯಲಾಗಲಿಲ್ಲ.

"ರೀ! ಎಡಗಾಲು!"

ಆ ಮೈದಾನದಲ್ಲಿ ಅವರನ್ನು "ರೀ" ಎನ್ನುವವಳು ನಾನೊಬ್ಬಳೇ. ಮನೆಯಲ್ಲಿ ಹಿತ್ತಲಿಂದ ಕರೆದರೆ ಹೇಗೋ ಹಾಗೆಯೇ, ಇವರು ತಟ್ಟನೆ ತಿರುಗಿದರು. "ಏನೇ?" ಎನ್ನಲು ಬಾಯಿಯನ್ನೂ ತೆರೆದಿದ್ದರು. ಅಷ್ಟರಲ್ಲಿ ಹುಡುಗ ಕಾಲಿಗೆ ಕೈ ಹಾಕಿದ. ಪೈಲ್ವಾನರು ಆಕಾಶ ನೋಡುತ್ತಾ ಮಲಗಿದ್ದರು.

ಜನ ಹೋ ಎಂದು ಅಖಾಡಕ್ಕೆ ನುಗ್ಗಿದರು. ಅವರ ನೂಕಿಗೆ ನಾನೂ ಒಳಗೆ ಹೋಗಿ ಮೀನಖಂಡದವರೆಗೆ ಮಣ್ಣಲ್ಲಿ ಹೂತುಹೋದೆ. ಚಪ್ಪಲಿ ಕೈಗೆತ್ತಿಕೊಂಡು, ಗೆಳತಿಯನ್ನು ಎಳೆದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ನೆಲ್ಯಹುದಿಕೇರಿಯ ಸೇತುವೆ ಮೇಲೆ ಬಸ್ಸು ಬಂದಾಗ ಕೆಳಗೆ ಕಾವೇರಿಯನ್ನು ನೋಡಿದೆ. ಇನ್ನು ಸ್ವಲ್ಪ ಹೊತ್ತಿಗೆ ಅವರು ಇಲ್ಲೇ ಇಳಿದು ಮೀಯುತ್ತಾರೆ. ಕೊನೆಯ ಕುಸ್ತಿ ಕೆಡಿಸಿದವಳು ನಾನು ಎಂದು ದಾರಿಯುದ್ದಕ್ಕೂ ಅತ್ತೆ.

ಮನೆಗೆ ಬಂದು ಸೀರೆ ಬದಲಿಸಿ, ಎಸರಿಟ್ಟು, ಏನೂ ಅರಿಯದವಳಂತೆ ಕೂತೆ. ತುಪ್ಪದ ಡಬ್ಬಿಯನ್ನೂ ಇಳಿಸಿಟ್ಟುಕೊಂಡೆ.

ಸಂಜೆ ಇವರು ಬಂದರು. ತಲೆ ಬಾಚಿರಲಿಲ್ಲ. ಮಾತಾಡದೆ ಹಿತ್ತಲಿಗೆ ಹೋಗಿ ಅಂಗಿ ಕಳಚಿ ಕಲ್ಲಿನ ಮೇಲೆ ಕೂತರು. ಭುಜದಿಂದ ಸೊಂಟದವರೆಗೆ ಬೆನ್ನು ತುಂಬ ಮಣ್ಣು. ಹಾಗೆ ಮೆತ್ತಿದ ಬೆನ್ನನ್ನು ನಾನು ಮೊದಲ ಸಲ ನೋಡಿದ್ದು.

"ಉಜ್ಜು," ಎಂದರು.

ನೀರು ಹೊಯ್ದೆ. ಅರಿಸಿನದ ವಾಸನೆ ಎದ್ದಿತು. ನಿಧಾನವಾಗಿ ಉಜ್ಜಿದೆ.

"ಕೂಗಿದ್ದು ನೀನೇ ತಾನೆ?"

"ಯಾರು? ನಾನು ಮನೇಲೇ ಇದ್ದೆ."

"ನಿನ್ ಕಾಲ್ ನೋಡ್ಕೊ."

ನೋಡಿಕೊಂಡೆ. ಸೀರೆ ಬದಲಿಸಿದವಳು ಕಾಲು ತೊಳೆಯುವುದನ್ನು ಮರೆತಿದ್ದೆ. ಬೆರಳ ಸಂದಿಯಿಂದ ಮೀನಖಂಡದವರೆಗೆ ಅದೇ ಮಣ್ಣು. ಒಂದು ಕಾಲನ್ನು ಇನ್ನೊಂದರ ಹಿಂದೆ ಅಡಗಿಸಿದೆ.

ಇವರು ತಿರುಗಲಿಲ್ಲ. ಹಾಗೇ ಕೇಳಿದರು, "ಎಡಗಾಲಿಗೆ ಏನಾಗಿತ್ತು?"

"ಮುಂದಕ್ಕೆ ಬಂದಿತ್ತು. ದಣಿದ್ರೆ ಬತ್ತದೆ. ಯಾವಾಗ್ಲೂ ಬತ್ತದೆ."

ಇವರು ಎಡಗಾಲನ್ನು ಚಾಚಿ, ಯಾರದೋ ಕಾಲನ್ನು ನೋಡುವವರಂತೆ ನೋಡಿದರು. "ಇಪ್ಪತ್ತೆರಡು ವರ್ಷದಿಂದ ಸೋತಿದ್ದೆಲ್ಲ ಇದೇ ಕಾಲಲ್ಲಿ ಕಣೆ. ಮೊದ್ಲೇ ಹೇಳಕ್ಕೆ ಏನಾಗಿತ್ತು ನಿಂಗೆ?"

"ಕರ್ಕೊಂಡ್ ಹೋಗಿದ್ರೆ ತಾನೆ ಹೇಳೋದು," ಎಂದು ಉಳಿದ ನೀರನ್ನೆಲ್ಲ ಇವರ ತಲೆಯ ಮೇಲೆ ಸುರಿದೆ.