ಮೂರನೇ ಕಮಾನಿನ ಮನೆ ಗುರುತು

ಬೋಟಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಲೈಫ್ ಜಾಕೆಟ್ಟಿನ ಪಟ್ಟಿ ಬಿಚ್ಚುತ್ತಿದ್ದೆ, ಮತ್ತೆ ಹಾಕುತ್ತಿದ್ದೆ, ಎದ್ದು ನಿಲ್ಲುತ್ತಿದ್ದೆ. ಬೋಟು ನಡೆಸುವವನು ಎರಡು ಸಲ ತೆಲುಗಿನಲ್ಲಿ ಕೂರಲು ಹೇಳಿದ. ನನಗೆ ತಿಳಿಯಲಿಲ್ಲವೆಂದುಕೊಂಡು ಮೂರನೇ ಸಲ ಉರ್ದುವಿನಲ್ಲಿ ಹೇಳಿದ. ಎರಡೂ ನನಗೆ ಚೆನ್ನಾಗಿ ತಿಳಿಯುತ್ತವೆ.

ಎದುರಿನ ಬೆಂಚಿನ ಮೇಲೆ ನನ್ನ ಬೀಗರು, ಅಂದರೆ ಮಗಳ ಮಾವ, ಕೈಕಟ್ಟಿ ಆರಾಮಾಗಿ ಕೂತಿದ್ದರು. ಅವರ ಪಕ್ಕದಲ್ಲಿ ಮಗಳು. ನನ್ನ ತಳಮಳಕ್ಕೆ ಕಾರಣ ಆ ಮನುಷ್ಯನೇ.

ಹೋದ ವರ್ಷ ಮಗಳ ಮದುವೆ ಮಾತುಕತೆಗೆ ನಾಗಲಗಿದ್ದದ ಹತ್ತಿರದ ಅವರ ಊರಿಗೆ ಹೋಗಿದ್ದೆವು. ನಮ್ಮ ಬಳಗವೆಲ್ಲ ಅದೇ ಸೀಮೆಯಲ್ಲಿ ಕುರಿ ಸಾಕುವವರು. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಒಬ್ಬನೇ ಕುರಿ ಮಾರಿ ಉಳಿ ಹಿಡಿದು, ಕಲ್ಲಿನ ಕೆಲಸಕ್ಕೆ ಹೋದವನು. ಅವನ ದೆಸೆಯಿಂದ ನಾವು ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನವರಾದೆವು. ಬೀಗರು ಅದನ್ನೇ ಎತ್ತಿ, ಹಿಂಡು ಬಿಟ್ಟು ಹೋಗಿ ನಿಮ್ಮ ಮುತ್ಯಾ ಏನು ಕಂಡ ಎಂದು ಎಲ್ಲರೆದುರು ನಕ್ಕರು. ನನಗೆ ರೇಗಿತು. ಜಹೀರಾಬಾದ್ ದಾಟಿದರೆ ಸಿಗುವ ಕೆರೆಯಲ್ಲಿ ನಿಜಾಮರ ಕಾಲದ ರೈಲಿನ ಸೇತುವೆ ನಿಂತಿದೆಯಲ್ಲ, ಅದರ ಮೂರನೇ ಕಮಾನಿನ ಬುಡದಲ್ಲಿ ಅವನು ಹೊಡೆದ ನಮ್ಮ ಮನೆ ಗುರುತು ಇದೆ ಎಂದೆ.

“ನೀವು ಕಣ್ಣಾರ ನೋಡೀರೇನ್ರಿ?” ಎಂದರು.

“ನೋಡೀನಿ” ಎಂದೆ.

ನೋಡಿರಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ಪಾಲಿಷ್ ಮಷೀನಿನ ಮುಂದೆ ನಿಂತೆ. ಮೂವತ್ತು ವರ್ಷ ಅಲ್ಲಿಂದ ಕದಲಲಿಲ್ಲ. ಗುರುತಿನ ಮಾತು ಅಪ್ಪ ಹೇಳಿದ್ದು. ನನ್ನ ಕೆಲಸದ ಬಗ್ಗೆ ಒಂದು ಸುಳ್ಳೂ ಹೇಳಿದವನಲ್ಲ ನಾನು. ಈ ಒಂದು ಸುಳ್ಳು ಮಾತ್ರ ಬೂಟಿನೊಳಗಿನ ಹರಳಿನಂತೆ ಚುಚ್ಚುತ್ತಲೇ ಇತ್ತು. ಈ ವರ್ಷ ಆ ಕೆರೆಯಲ್ಲಿ ಸೇತುವೆ ತೋರಿಸುವ ಬೋಟು ಶುರುವಾಯಿತು. ಅಪ್ಪ ತೋರಿಸಲಿ, ಮಾವ ನೋಡಲಿ ಎಂದು ಮಗಳು ಫೋನಿನಲ್ಲೇ ಮೂರು ಟಿಕೆಟು ತೆಗೆದಳು.

ಕೆರೆಗೆ ಬರುವ ಬಸ್ಸಿನ ದಾರಿಯುದ್ದಕ್ಕೂ ಬೀಗರು ಕುರಿಯ ಮಾತೇ ಆಡಿದ್ದರು. ಮೇಯುವಾಗ ಹಿಂಡು ಹಿಂಡು ಬೆರೆತರೆ ಯಾವ ಕುರಿ ಯಾರದೆಂದು, ಆಯಾ ಮನೆಯವರು ಕಿವಿಗೆ ಕೊಯ್ದ ಕಚ್ಚು ನೋಡಿ ಬೇರೆ ಮಾಡುತ್ತಾರಂತೆ, ಸುತ್ತಲಿನ ಊರುಗಳ ಕಚ್ಚೆಲ್ಲ ತಮಗೆ ಬಾಯಿಪಾಠವಂತೆ. ನಾನು ಹೂಂಗುಟ್ಟುತ್ತ ಕಿಟಕಿಯಾಚೆ ನೋಡುತ್ತಿದ್ದೆ.

ಬೋಟು ತಿರುವು ದಾಟಿದ್ದೇ ಸೇತುವೆ ಕಂಡಿತು. ಕಲ್ಲಿನ ಕಮಾನುಗಳು ಮೊಣಕಾಲುದ್ದ ನೀರಿನಲ್ಲಿ ನಿಂತ ಹಾಗಿದ್ದವು. ಎಂಥ ಕೆಲಸ! ಇಂದಿನ ಮಷೀನಿನಲ್ಲಿ ಕೊಯ್ದ ಕಲ್ಲಿಗೆ ಆ ಅಂಚು ಬರುವುದಿಲ್ಲ. ಬೇರೆ ದಿನವಾಗಿದ್ದರೆ ಕಣ್ತುಂಬ ನೋಡುತ್ತಿದ್ದೆ. ಆವತ್ತು ನಾನು ಹುಡುಕಿದ್ದು ಸೂರ್ಯ ಚಂದ್ರರನ್ನು. ನಮ್ಮ ಹಳೆಯ ಮನೆಯ ಬಾಗಿಲ ಮೇಲೆ ಸೂರ್ಯ ಚಂದ್ರ ಕೆತ್ತಿದ್ದರು. ಮನೆ ಗುರುತು ಎಂದರೆ ಅದೇ ಎಂದು ಚಿಕ್ಕಂದಿನಿಂದ ತಿಳಿದಿದ್ದೆ.

ಮೂರನೇ ಕಮಾನಿನ ಎದುರು ಬೋಟು ನಿಂತಿತು. ರೈಲು ದಾಟುವವರೆಗೆ ಇಲ್ಲಿ, ಆಮೇಲೆ ಬೋಟು ತಿರುಗುತ್ತದೆ ಎಂದು ನಡೆಸುವವನು ಹೇಳಿದ. ಸಾಲು ಸಾಲು ಕಲ್ಲಿನ ಮೇಲೆ ಕಣ್ಣಾಡಿಸಿದೆ. ಸೂರ್ಯನಿಲ್ಲ, ಚಂದ್ರನಿಲ್ಲ. ದೂರದಲ್ಲಿ ರೈಲು ಕೂಗಿತು. ಮಗಳು, ಎಲ್ಲಿ ಅಪ್ಪಾ ಎಂದಳು. ಬೀಗರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬೆರಳು ಚಾಚಿ, ಪಾಚಿ ಕಟ್ಟಿ ದುಂಡಗಾಗಿದ್ದ ಒಂದು ಕಲೆಯನ್ನು ತೋರಿಸಿದೆ. ಅದೇ ಸೂರ್ಯ, ಚಂದ್ರ ಸವೆದು ಹೋಗಿದೆ ಎಂದೆ.

ರೈಲು ಬಂತು. ಬೋಟಿನವರೆಲ್ಲ ಫೋನು ಎತ್ತಿ ಮೇಲೆ ನೋಡಿದರು. ಬೀಗರು ಮಾತ್ರ ಕೆಳಗೆ ನೋಡುತ್ತಿದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, ಮಗಳಿಗೆ ಕೇಳಿಸದ ಹಾಗೆ ಅಂದರು:

“ಬೀಗರ, ಅದು ಪಾಚಿ. ಅದರ ಕೆಳಗಿನ ಸಾಲು ನೋಡ್ರಿ, ನೀರಿಗೆ ಹತ್ತಿದ ಕಲ್ಲು. ಎರಡು ಕಿವಿ ಕೆತ್ತ್ಯಾನ. ಎಡಗಿವಿ ತುದಿ ಸೀಳು, ಬಲಗಿವಿಗೆ ಎರಡು ಕಚ್ಚು. ನಿಮ್ಮ ಮನಿ ಕುರಿ ಗುರ್ತು ಅದೇ ಅದರಿ. ನಮ್ಮಪ್ಪ ಕಲಿಸ್ಯಾನ ನನಗ.”

ತಟ್ಟನೆ ತಿರುಗಿದೆ. ಅಷ್ಟರಲ್ಲಿ ಬೋಟು ಗುಡುಗುಟ್ಟಿ ಹೊರಳಿತು, ಅದರ ಅಲೆ ಹೋಗಿ ಕಮಾನಿನ ಬುಡಕ್ಕೆ ಹೊಡೆಯಿತು. ಒದ್ದೆ ಕಲ್ಲು ಮಿಂಚಿದ್ದಷ್ಟೇ ಕಂಡದ್ದು.

“ಕಾಣ್ತೇನ್ರಿ?”

“ಕಾಣ್ತು” ಎಂದೆ. ಇದು ಮೂರನೇ ಸುಳ್ಳು.

ದಂಡೆಗೆ ಬರುವವರೆಗೂ ಹಿಂದೆ ಹಿಂದೆ ನೋಡಿದೆ. ಮುತ್ಯಾ ಕುರಿ ಬಿಟ್ಟ, ಕುರಿಯ ಕಿವಿ ಬಿಡಲಿಲ್ಲ. ನನ್ನ ಮಾತು ನಿಜವಾಗಿತ್ತು, ಆದರೆ ಅದನ್ನು ನಿಜ ಮಾಡಿದವರು ಬೀಗರು. ಒಳಗೆ ಖುಷಿಯೋ ನಾಚಿಕೆಯೋ ತಿಳಿಯದೆ ಕಾಲು ಕುಣಿಸುತ್ತಿದ್ದೆ.

ಜಹೀರಾಬಾದಿನಲ್ಲಿ ಚಹಾಕ್ಕೆ ಕೂತೆವು. ಮಗಳು ನಾರಾಯಣಖೇಡದ ಬಸ್ಸು ವಿಚಾರಿಸಲು ಎದ್ದು ಹೋದಳು. ಬೀಗರು ಕಪ್ಪಿನಿಂದ ಬಸಿಗೆ ಸುರಿದು ಚಹಾ ಆರಿಸಿಕೊಳ್ಳುತ್ತಿದ್ದರು. ಈಗ ಬಿಟ್ಟರೆ ಮತ್ತೆ ಕೇಳುವುದು ಯಾರನ್ನು? ನಮ್ಮ ಮನೆಯಲ್ಲಿ ಕುರಿಯೂ ಇಲ್ಲ, ಅಪ್ಪನೂ ಇಲ್ಲ.

“ಬೀಗರ, ನನಗ ಕಾಣಲಿಲ್ರಿ. ಮೊದಲೂ ನೋಡಿರಲಿಲ್ಲ” ಎಂದೆ.

ಅವರು ನಗುತ್ತಾರೆಂದು ಕಾದೆ. ನಗಲಿಲ್ಲ. “ಗೊತ್ತದರಿ” ಎಂದರು. “ನೋಡಿದಾಂವ ಕಿವಿ ಅಂತಿದ್ದ, ಸೂರ್ಯ ಅಂತಿರಲಿಲ್ಲ.” ಬೆರಳನ್ನು ಚಹಾದಲ್ಲಿ ಅದ್ದಿ ಮೇಜಿನ ಮೇಲೆ ಎರಡು ಕಿವಿ ಬರೆದರು, ಒಂದಕ್ಕೆ ಸೀಳು, ಒಂದಕ್ಕೆ ಎರಡು ಕಚ್ಚು. ಮೇಜು ತಾಂಡೂರಿನ ಕಲ್ಲು, ಒಳ್ಳೆ ಪಾಲಿಷ್.

ಅಷ್ಟರಲ್ಲಿ ಅವರ ಬಸ್ಸು ಬಂತು, ಮಗಳು ಕೂಗಿದಳು, ಇಬ್ಬರೂ ಹತ್ತಿ ಹೋದರು. ತಾಂಡೂರಿನ ಬಸ್ಸಿಗೆ ನಾನೊಬ್ಬನೇ ಉಳಿದೆ. ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಬಲಗಿವಿ ಆರತೊಡಗಿತು. ಪೆನ್ಸಿಲಿಗೆಂದು ನನ್ನ ಕೈ ಕಿವಿಯ ಸಂದಿಗೆ ಹೋಯಿತು. ಕೆಲಸದ ದಿನ ಅಲ್ಲೇ ಇರುತ್ತದೆ. ಆವತ್ತು ಇಸ್ತ್ರಿ ಅಂಗಿಯ ದಿನ, ಪೆನ್ಸಿಲಿರಲಿಲ್ಲ. ಪಾಲಿಷ್ ಕಲ್ಲಿನ ಮೇಲೆ ಗೀರು ಬೀಳಿಸಿದವರನ್ನು ನಾನು ಕೆಲಸದಿಂದ ಕಳಿಸಿದ್ದೇನೆ. ಮನೆಯ ಬೀಗದ ಕೈ ತೆಗೆದು, ಆರುವ ಮುಂಚೆ, ಆ ಗೆರೆಯ ಮೇಲೇ ಒತ್ತಿ ಎಳೆದೆ. ಹೋಟೆಲಿನವನು ಬೈಯುತ್ತ ಬಂದ. ಗೀರಲು ಇನ್ನೊಂದು ಕಚ್ಚು ಉಳಿದಿತ್ತು.