ತೊಗರಿ ಹೊಲದಲ್ಲಿ ರಿಂಗಾಗುತ್ತಿದ್ದ ಫೋನು

ಕಳೆದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಚಿತ್ತಾಪುರದ ಮನೆಯಿಂದ ಬೈಕಿನಲ್ಲಿ ಹೊರಟ ನನ್ನ ತಂದೆ ಸಂಜೆಯಾದರೂ ಮರಳಲಿಲ್ಲ. ಫೋನ್ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಮನೆಯ ವಿಷಯ ಹೊರಗೆ ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ. ವೆಂಕಟರಮಣನಿಗೆ ಹರಕೆ ಹೊತ್ತಿದ್ದರಿಂದ ಭಕ್ತರ ಮುಂದೆ ಇಷ್ಟನ್ನು ಬರೆಯುತ್ತಿದ್ದೇನೆ.

ತಂದೆ ಪೌರೋಹಿತ್ಯ ಮಾಡುತ್ತಾರೆ. ಒಂದು ದಿನ ವಾಡಿಯಲ್ಲಿ ಪೂಜೆ, ಇನ್ನೊಂದು ದಿನ ಶಹಾಬಾದಿನಲ್ಲಿ ಗೃಹಪ್ರವೇಶ, ಮತ್ತೊಂದು ದಿನ ಸೇಡಂ. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಆ ದಿನವೂ ಕೇಳಿರಲಿಲ್ಲ.

ಟೋಲ್ ರಸ್ತೆಯಲ್ಲಿ ಏನೋ ಅಪಘಾತವಾಗಿದೆಯಂತೆ ಎಂದು ಸುದ್ದಿ ಬಂತು. ಪಕ್ಕದ ಮನೆಯ ಬಸಣ್ಣ ಕಾಕಾ ಜೀಪು ತೆಗೆದರು. ಅವ್ವ, ನಾನು ಹತ್ತಿದೆವು.

“ಯಾ ಕಡಿ ಹೋಗಬೇಕವ್ವಾ? ನಿಮ್ಮಪ್ಪಾರು ದೇವರಿಗಿ ಹೇಳಿ ಹೋಗ್ತಾರ, ಮನಿ ಮಂದಿಗಿ ಹೇಳಂಗಿಲ್ಲ.”

ಟೋಲ್ ಕಟ್ಟೆಯಲ್ಲಿ ವಿಚಾರಿಸಿದೆವು. ಅಪಘಾತ ಎಲ್ಲಿ, ಯಾರದ್ದು ಎಂದು ಅವರಿಗೂ ಗೊತ್ತಿರಲಿಲ್ಲ. “ಬೈಕಿಗಿ ಟೋಲ್ ಇಲ್ಲರಿ, ಬಾಜೂಕಿನಿಂದ ಹೋಗಿಬಿಡ್ತಾವ. ಯಾರ್ ಹೋದ್ರು, ಯಾರ್ ಬಂದ್ರು, ನಮಗ ಹ್ಯಾಂಗ ಗೊತ್ತಾಗಬೇಕು?” ಎಂದರು ಅಲ್ಲಿಯವರು.

ಸಿಮೆಂಟ್ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಟ್ಟೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಫೋನ್ ಮಾಡುತ್ತಲೇ ಇದ್ದೆ.

“ಹಂಗ ಹಚ್ಚಬ್ಯಾಡ, ಅವರ ಫೋನಿನ ಚಾರ್ಜ್ ಮುಗದೀತು,” ಎಂದು ಅವ್ವ ಗದರಿದಳು. ಆಕೆ ಮಧ್ಯಾಹ್ನದಿಂದ ದಾರಿ ಕಾಯುತ್ತಾ ನೀರು ಸಹ ಮುಟ್ಟಿರಲಿಲ್ಲ. ಅವಳ ಮಾತು ಸರಿ ಎನಿಸಿ ನಿಲ್ಲಿಸಿದೆ. ಸುಮ್ಮನಿರುವುದು ಇನ್ನೂ ಕಷ್ಟವಾಯಿತು.

ಕಾಕಾ ಅಂದಾಜಿನ ಮೇಲೆ ಜೀಪನ್ನು ವಾಡಿ ಕಡೆ ತಿರುಗಿಸಿದರು. ಕಣ್ಣು ಮುಚ್ಚಿ, ‘ಸ್ವಾಮಿ, ಯಾವ ದಾರಿ ಎಂಬುದನ್ನಷ್ಟೇ ತಿಳಿಸು, ನಿನ್ನ ಭಕ್ತರ ಮುಂದೆ ಇದನ್ನು ಹೇಳುತ್ತೇನೆ’ ಎಂದು ಬೇಡಿಕೊಂಡೆ. ಬೆರಳು ತಾನಾಗಿ ಮತ್ತೆ ಅದೇ ನಂಬರು ಒತ್ತಿತು. ಈ ಸಲ ಒಬ್ಬ ಹೆಂಗಸು ಎತ್ತಿದಳು.

“ಯಾರವ್ವಾ ನೀ? ಇದು ಆಗಳಿಂದ ನಮ್ಮ ತೊಗರ್ಯಾಗ ಒದರ್ಲಿಕತ್ತದ. ಸುಮ್ಮನಾಗ್ತದ, ಮತ್ತ ಸುರು. ದೆವ್ವ ಅದನೋ ಏನೋ ಅಂತ ಅಂಜಿಕೋತ ಬಂದೀನಿ.”

“ಅಲ್ಲಿ ನಮ್ಮಪ್ಪ ಅದಾರೇನ್ರಿ? ಸ್ವಲ್ಪ ನೋಡ್ರಿ.”

ತೊಗರಿ ಗಿಡ ಸರಿಸುವ ಸಪ್ಪಳ ಕೇಳಿತು. ಬಹಳ ಹೊತ್ತು ಅದೊಂದೇ.

“ಅದಾರವ್ವ. ಉಸುರು ಅದ. ಟೋಲ್ ದಾಟಿ ಸೇಡಂ ಕಡಿ ಬರ್ರಿ, ನಾ ರೋಡಿಗಿ ನಿಂದರ್ತೀನಿ.”

ಕಾಕಾ ಜೀಪು ಹಿಂದಕ್ಕೆ ತಿರುಗಿಸಿ ಕಟ್ಟೆಯಲ್ಲಿ ವಿಷಯ ತಿಳಿಸಿದರು; ಟೋಲಿನ ಆಂಬುಲೆನ್ಸ್ ನಮ್ಮ ಹಿಂದೆಯೇ ಬಂತು. ತೊಡೆಯ ಮೂಳೆ ಮುರಿದಿತ್ತು, ರಕ್ತ ಬಹಳ ಹೋಗಿತ್ತು. ಇನ್ನೂ ತಡವಾಗಿದ್ದರೆ ಉಳಿಸುವುದು ಕಷ್ಟವಿತ್ತೆಂದು ಕಲಬುರಗಿಯ ಡಾಕ್ಟರು ಹೇಳಿದರು.

ಎರಡು ದಿನಗಳ ನಂತರ ತಂದೆ ಮಾತನಾಡಿದರು. ದೂರದ ತಿರುವಿನವರೆಗೆ ಹೋಗುವ ಬದಲು ಟ್ರ್ಯಾಕ್ಟರೊಂದು ಅದೇ ಬದಿಯಲ್ಲಿ ಎದುರಿಗೆ ಬಂದಿತ್ತಂತೆ. ತಪ್ಪಿಸಲು ಹೋಗಿ, ತಡೆಗೋಡೆಯಿಲ್ಲದ ಅಂಚಿನಿಂದ ಬೈಕಿನ ಸಮೇತ ಹೊಲಕ್ಕೆ ಉರುಳಿದ್ದರು. ಆಳೆತ್ತರದ ತೊಗರಿಯಲ್ಲಿ ಬಿದ್ದವರು ರಸ್ತೆಗೆ ಕಾಣುತ್ತಿರಲಿಲ್ಲ. ಫೋನು ಕೈಗೆ ಸಿಗದಷ್ಟು ದೂರ ಹಾರಿತ್ತು.

“ನೀನೇ ಹಚ್ಚಲಿಕತ್ತೀ ಅಂತ ಗೊತ್ತಿತ್ತು,” ಎಂದರು. “ಕಣ್ಣು ಮುಚ್ಚಿ ಮುಚ್ಚಿ ಬರ್ತಿದ್ದವು. ಅದು ಒದರಿದಾಗೊಮ್ಮೆ ತೆರೀತಿದ್ದೆ.”

ನಾನು ಬರೀ ಚಡಪಡಿಸುತ್ತಿದ್ದೇನೆ ಎಂದುಕೊಂಡಿದ್ದ ಅಷ್ಟೂ ಹೊತ್ತು ಸ್ವಾಮಿ ಅವರನ್ನು ಎಚ್ಚರವಾಗಿಟ್ಟಿದ್ದ. ಅವನಿಗೆ ನಮಸ್ಕಾರ. ಹೊಲದಲ್ಲಿ ಫೋನ್ ಎತ್ತಿದ ಆ ತಾಯಿಗೂ ನಮಸ್ಕಾರ. ಆಕೆ ಅಂಜಿದ್ದರೂ ಬಂದಳು. ಭಕ್ತರಲ್ಲಿ ಒಂದೇ ವಿನಂತಿ. ಆ ರಸ್ತೆಯಲ್ಲಿ ಹೋಗುವಾಗ ಅಂಚಿನ ಆಚೆ ಬೆಳೆ ಮುರಿದು ಬಿದ್ದಿರುವುದು ಕಂಡರೆ ಗಾಡಿ ನಿಲ್ಲಿಸಿ, ಇಳಿದು ನೋಡಿ.